ಡಿಕಾಕ್ಷನ್ ಇಳಿಯುವಷ್ಟರಲ್ಲಿ ಹನ್ನೆರಡು ನಮಸ್ಕಾರ

ನಾನು ಸೂರ್ಯ ನಮಸ್ಕಾರ ಶುರು ಮಾಡಿದ್ದೇ 108ರಿಂದ. ಮೈಸೂರಿನ ನಮ್ಮ ಬಡಾವಣೆಯ ಪಾರ್ಕಿನಲ್ಲಿ ರಥಸಪ್ತಮಿಗೆ ಎಲ್ಲರೂ ಸೇರಿ ಮಾಡುವುದಿತ್ತು. ತಲೆ, ಭುಜದ ಮೇಲೆ ಎಕ್ಕದ ಎಲೆ ಇಟ್ಟುಕೊಂಡು ಸ್ನಾನ ಮಾಡಿ, ಅದೇ ಹುಮ್ಮಸ್ಸಿನಲ್ಲಿ ಹೋಗಿ, ಒಂದು ದಿನದ ಅಭ್ಯಾಸವೂ ಇಲ್ಲದೆ ಪೂರ್ತಿ ಮುಗಿಸಿ ಬಂದೆ. ಮೂರು ದಿನ ಮೆಟ್ಟಿಲು ಇಳಿಯಲು ಆಗಲಿಲ್ಲ. ಬಲಗೈ ಮಣಿಕಟ್ಟು ಊದಿಕೊಂಡು ಚಪಾತಿ ಹಿಟ್ಟು ನಾದುವುದೂ ಕಷ್ಟವಾಯಿತು. ಎರಡು ತಿಂಗಳು ಮತ್ತೆ ಅದರ ಸುದ್ದಿಗೇ ಹೋಗಲಿಲ್ಲ.

ನಮ್ಮ ಬೀದಿಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಇದ್ದಾರೆ. ವಿಷಯ ಕೇಳಿ, "ನೂರೆಂಟು ಹಬ್ಬದ ಅಡುಗೆ ಕಣಮ್ಮಾ, ದಿನದ ಊಟಕ್ಕೆ ಮೂರು ಸಾಕು" ಅಂದರು. ಮಾರನೇ ದಿನ ಅವರ ಮನೆ ಜಗುಲಿಯ ಮೇಲೇ ಮಾಡಿ ತೋರಿಸು ಅಂದರು. ಕೈಕಾಲು ನೆಲಕ್ಕೂರಿ ಸೊಂಟ ಮೇಲೆತ್ತುವ ಪರ್ವತಾಸನಕ್ಕೆ ಬರುತ್ತಿದ್ದ ಹಾಗೆ ನನ್ನ ಕೈ ನೋಡಿ ನಿಲ್ಲಿಸಿದರು. ಮೈಭಾರವೆಲ್ಲ ಅಂಗೈ ಬುಡದ ಮೇಲೆ, ಅಂದರೆ ನೇರ ಮಣಿಕಟ್ಟಿನ ಮೇಲೆ ಬೀಳುತ್ತಿತ್ತು. ಬೆರಳುಗಳನ್ನು ಚೆನ್ನಾಗಿ ಅಗಲಿಸಬೇಕು, ಹೆಬ್ಬೆರಳು ಮತ್ತು ತೋರುಬೆರಳಿನ ಬುಡ ನೆಲಕ್ಕೆ ಒತ್ತಬೇಕು, ಸೊಂಟವನ್ನು ಮೇಲಕ್ಕೂ ಹಿಂದಕ್ಕೂ ಎಳೆಯಬೇಕು. ಹಾಗೆ ಮಾಡಿದ ಕೂಡಲೇ ಭಾರ ಕಾಲಿನ ಕಡೆ ಹೋಯಿತು. ಇಷ್ಟು ಸಣ್ಣ ವಿಷಯ ಮೊದಲೇ ಗೊತ್ತಿದ್ದರೆ ಆ ನೋವೇ ಬರುತ್ತಿರಲಿಲ್ಲ ಅಲ್ವಾ ಅಂತ ಇವತ್ತಿಗೂ ಅನ್ನಿಸುತ್ತದೆ.

ಇನ್ನೊಂದು ತಪ್ಪು ಅಷ್ಟಾಂಗ ನಮಸ್ಕಾರದಲ್ಲಿತ್ತು. ಸುಸ್ತಾದಾಗ ನಾನು ಇಡೀ ಮೈ ನೆಲದ ಮೇಲೆ ಹಾಕಿಬಿಡುತ್ತಿದ್ದೆ. ನೆಲಕ್ಕೆ ತಾಗಬೇಕಾದದ್ದು ಎರಡು ಪಾದ, ಎರಡು ಮಂಡಿ, ಎದೆ, ಎರಡು ಅಂಗೈ, ಗದ್ದ, ಒಟ್ಟು ಎಂಟೇ. ಹೊಟ್ಟೆ ತಾಗಬಾರದು. ಮೊದಲು ಮಂಡಿ ಊರಿ, ಆಮೇಲೆ ಎದೆ ಇಳಿಸಿದರೆ ಸರಿಯಾಗಿ ಬರುತ್ತದೆ.

ಅಭ್ಯಾಸ ತಪ್ಪದೆ ನೆಲೆಯೂರಿದ್ದು ಮಾತ್ರ ಕಾಫಿಯಿಂದ. ನಮ್ಮ ಮನೆಯಲ್ಲಿ ಫಿಲ್ಟರ್ ಕಾಫಿ. ಎದ್ದು ಮುಖ ತೊಳೆದು, ಪುಡಿ ಹಾಕಿ, ಕುದಿಯುವ ನೀರು ಸುರಿದು, ಮುಚ್ಚಳ ಮುಚ್ಚಿ ಜಮಖಾನ ಹಿಡಿದು ತಾರಸಿಗೆ ಹೋಗುತ್ತೇನೆ. ಡಿಕಾಕ್ಷನ್ ಇಳಿಯಲು ಹೇಗೂ ಕಾಲು ಗಂಟೆ, ಇಪ್ಪತ್ತು ನಿಮಿಷ ಬೇಕು. ಆ ಹೊತ್ತಿನಲ್ಲಿ ಮೊದಲು ಅಡುಗೆಮನೆಯಲ್ಲೇ ನಿಂತು ಫೋನ್ ನೋಡುತ್ತಿದ್ದೆ. ಈಗ ಅದು ನಮಸ್ಕಾರದ ಹೊತ್ತು, ಖಾಲಿ ಹೊಟ್ಟೆಯೂ ಆಯಿತು. ಅಲಾರಂಗಿಂತ ಇದು ಗಟ್ಟಿ, ಯಾಕೆಂದರೆ ಕಾಫಿ ಬಿಡುವ ಮಾತೇ ಇಲ್ಲ.

ಲೆಕ್ಕಕ್ಕೆ ಅಂಕಿ ಇಟ್ಟುಕೊಂಡಿಲ್ಲ. ಪ್ರತಿ ನಮಸ್ಕಾರಕ್ಕೂ ಸೂರ್ಯನ ಒಂದು ಹೆಸರು: ಮಿತ್ರಾಯ ನಮಃ, ರವಯೇ ನಮಃ, ಸೂರ್ಯಾಯ ನಮಃ. ಮೊದಲ ವಾರ ಈ ಮೂರೇ. ಆಮೇಲೆ ವಾರಕ್ಕೊಂದು ಹೆಸರು ಸೇರಿಸುತ್ತಾ ಹೋದೆ. ಒಂಬತ್ತು ವಾರ ಕಳೆದಾಗ ಭಾಸ್ಕರಾಯ ನಮಃ ವರೆಗೆ ಹನ್ನೆರಡೂ ಬಂದವು, ಮೈಗೆ ಎಲ್ಲೂ ಭಾರ ಅನ್ನಿಸಲಿಲ್ಲ. ಒಂದು ಹೆಸರಿಗೆ ಬಲಗಾಲು ಹಿಂದೆ, ಮುಂದಿನದಕ್ಕೆ ಎಡಗಾಲು. ಹನ್ನೊಂದನೆಯದು ಅರ್ಕಾಯ ನಮಃ. ಅರ್ಕ ಅಂದರೆ ಸೂರ್ಯ, ಎಕ್ಕಕ್ಕೂ ಅದೇ ಹೆಸರು. ಅಲ್ಲಿಗೆ ಬಂದಾಗಲೆಲ್ಲ ಆ ಮೊದಲ ರಥಸಪ್ತಮಿಯ ಸ್ನಾನ ನೆನಪಾಗುತ್ತದೆ.

ಮಧ್ಯೆ ಒಮ್ಮೆ ವಿಡಿಯೋ ನೋಡಿ ಗೊಂದಲ ಮಾಡಿಕೊಂಡೆ. ನಮ್ಮ ಮೈಸೂರಿನಲ್ಲೇ ಕಲಿಸುತ್ತಿದ್ದ ಯೋಗ ಗುರು ಪಟ್ಟಾಭಿ ಜೋಯಿಸರ ಅಷ್ಟಾಂಗ ಪದ್ಧತಿಯಲ್ಲಿ ಸೂರ್ಯ ನಮಸ್ಕಾರಕ್ಕೆ ಎ ಮತ್ತು ಬಿ ಅಂತ ಎರಡು ಬಗೆ, ಒಂದಕ್ಕೆ 9 ವಿನ್ಯಾಸ (ಉಸಿರಿನ ಜೊತೆ ಸಾಗುವ ಚಲನೆ), ಇನ್ನೊಂದಕ್ಕೆ 17. ನಾನು ಮಾಡುವುದು 12 ಹಂತದ್ದು. ಎರಡನ್ನೂ ಕಲಸಿದರೆ ಉಸಿರಿನ ತಾಳ ತಪ್ಪುತ್ತದೆ, ಹಾಗಾಗಿ ಒಂದನ್ನೇ ಹಿಡಿದುಕೊಂಡೆ. ಏಳುವಾಗ ಉಸಿರು ಒಳಗೆ, ಬಾಗುವಾಗ ಹೊರಗೆ. ಉಸಿರು ಓಡತೊಡಗಿದರೆ ಅಲ್ಲೇ ನಿಂತುಬಿಡುತ್ತೇನೆ. ಮುಟ್ಟಿನ ಮೊದಲೆರಡು ದಿನ ಬಿಡುತ್ತೇನೆ, ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಜನವರಿಯಲ್ಲಿ ಇಲ್ಲಿ ಸೂರ್ಯ ಏಳುವುದೇ 6.45ರ ಹೊತ್ತಿಗೆ. ಆಗ ಕತ್ತಲಲ್ಲೇ ಶುರುವಾಗಿ ಕೊನೆಯ ಎರಡು ಮೂರು ಹೆಸರಿಗೆ ಪೂರ್ವ ಕೆಂಪಾಗುತ್ತದೆ. ನನಗೆ ತುಂಬಾ ಇಷ್ಟವಾದ ತಿಂಗಳು ಅದು.

ಈ ಸಲದ ರಥಸಪ್ತಮಿಗೂ ಪಾರ್ಕಿಗೆ ಹೋಗಿದ್ದೆ. ಹನ್ನೆರಡು ಹೆಸರು ಮೂರು ಸುತ್ತು, 36 ಮಾಡಿ, ಪಕ್ಕಕ್ಕೆ ಬಂದು ಉಳಿದವರಿಗೆ ಹೆಸರು ಹೇಳಿಕೊಡುತ್ತಾ ಕೂತೆ. ಮಾರನೇ ದಿನ ಬೆಳಗ್ಗೆ ಫಿಲ್ಟರಿಗೆ ನೀರು ಸುರಿದು ತಾರಸಿ ಹತ್ತಿದೆ.