ಮೂರು ಸಲ ಬಾಗಿಲು ತಟ್ಟಿ: ಯೆಹೂದಿ ಬೋಧನೆಯನ್ನು ಸಂಘದ ಬದುಕಿಗೆ ತರುವ ಬಗೆ

‘ವೈದ್ಯಕೀಯ ನಿಧಿಯ ಲೆಕ್ಕದಲ್ಲಿ ಒಂದು ರಸೀದಿ ಕಾಣುತ್ತಿಲ್ಲ. ಆ ಹಣ ಎಲ್ಲಿ ಹೋಯಿತು ಎಂಬುದನ್ನು ಖಜಾಂಚಿಯವರು ಎಲ್ಲರ ಮುಂದೆ ಹೇಳಲಿ.’ ನಮ್ಮ ನಿವಾಸಿಗಳ ಸಂಘದ ಮೊಬೈಲ್ ಗುಂಪಿನಲ್ಲಿ ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ನಾನು ಬರೆದ ಸಾಲುಗಳಿವು. ಅವುಗಳಲ್ಲಿ ಒಂದಕ್ಷರವೂ ಸುಳ್ಳಾಗಿರಲಿಲ್ಲ. ರಸೀದಿ ನಿಜಕ್ಕೂ ಇರಲಿಲ್ಲ. ಬೆಳಗಾಗುವಷ್ಟರಲ್ಲಿ ಗುಂಪಿನವರೆಲ್ಲ ಓದಿದ್ದರು, ಖಜಾಂಚಿಯವರು ರಾಜೀನಾಮೆ ಕಳಿಸಿದ್ದರು. ಎರಡು ವಾರದ ನಂತರ ವಿಷಯ ತಿಳಿಯಿತು. ಆಸ್ಪತ್ರೆಗೆ ತುರ್ತಾಗಿ ಕಟ್ಟಬೇಕಾಗಿದ್ದ ಹಣವನ್ನು ಅವರು ಒಂದು ಕುಟುಂಬದ ಕೈಗೆ ಕೊಟ್ಟಿದ್ದರು. ತಮ್ಮ ಹೆಸರು ಹೊರಗೆ ಬರಬಾರದೆಂದು ಆ ಕುಟುಂಬ ಬೇಡಿಕೊಂಡಿತ್ತು. ಕೊಟ್ಟ ಮಾತಿಗೆ ಕಟ್ಟುಬಿದ್ದು ಅವರು ಬಾಯಿ ಬಿಟ್ಟಿರಲಿಲ್ಲ.

ಆ ಹೊತ್ತಿಗೆ ನಾನು ಯೆಹೂದಿ ಗ್ರಂಥಗಳನ್ನು ಓದಲು ತೊಡಗಿ ನಾಲ್ಕು ವರ್ಷವಾಗಿತ್ತು. ನಾನು ಯೆಹೂದಿ ಮನೆಯಲ್ಲಿ ಹುಟ್ಟಿದವಳಲ್ಲ, ಆ ಧರ್ಮವನ್ನು ಸ್ವೀಕರಿಸಿದವಳೂ ಅಲ್ಲ. ಯೆಹೂದಿಗಳ ಪಾಲಿಗೆ ಅದು 613 ಆಜ್ಞೆಗಳ ಒಡಂಬಡಿಕೆ, ತಲೆತಲಾಂತರದಿಂದ ಹೊತ್ತು ತಂದ ಹೊಣೆ. ನಾನು ಅದರಿಂದ ಕಲಿಯುವವಳು ಮಾತ್ರ, ಮತ್ತು ಈ ಋಣ ನನ್ನ ನೆನಪಿನಲ್ಲಿರುತ್ತದೆ. ನಾಲ್ಕು ವರ್ಷದ ಓದು ಆ ರಾತ್ರಿ ನನ್ನ ಬೆರಳನ್ನು ತಡೆಯಲಿಲ್ಲ. ಓದಿದ್ದು ನಡತೆಯಾಗಲು ಏನು ಮಾಡಬೇಕು ಎಂಬುದನ್ನು ನಾನು ಕಲಿತದ್ದು ಅದರ ನಂತರವೇ. ಸಂಘ, ಸಮಿತಿ, ಸಹಾಯನಿಧಿ ಯಾವುದನ್ನಾದರೂ ನಡೆಸುತ್ತಿರುವವರಿಗೆ ನೆರವಾಗಲೆಂದು ಅದನ್ನು ಬರೆಯುತ್ತಿದ್ದೇನೆ.

ಒಬ್ಬರೇ ಓದಬೇಡಿ, ಜೊತೆಯೊಬ್ಬರನ್ನು ಹುಡುಕಿಕೊಳ್ಳಿ. ಯೆಹೂದಿ ಅಧ್ಯಯನದಲ್ಲಿ ಇದಕ್ಕೆ ‘ಹವ್ರೂಸಾ’ ಅಥವಾ ‘ಹವ್ರೂತಾ’ ಎನ್ನುತ್ತಾರೆ. ಇಬ್ಬರು ಎದುರುಬದುರು ಕುಳಿತು ಒಂದೇ ಸಾಲನ್ನು ಗಟ್ಟಿಯಾಗಿ ಓದಿ, ಪರಸ್ಪರ ಪ್ರಶ್ನಿಸಿ, ವಾದಿಸಿ ಅರ್ಥ ಹಿಡಿಯುವ ಕ್ರಮ ಅದು. ಸುಮಾರು ಕ್ರಿ.ಶ. 200ರಲ್ಲಿ ಸಂಕಲನಗೊಂಡ ಯೆಹೂದಿ ವಿಧಿಗಳ ಗ್ರಂಥ ಮಿಶ್ನಾದಲ್ಲಿ ‘ಪಿರ್ಕೆ ಅವೋತ್’ ಎಂಬ ಭಾಗವಿದೆ. ನಿನಗೊಬ್ಬ ಗುರುವನ್ನು ಮಾಡಿಕೊ, ಗೆಳೆಯನನ್ನು ಸಂಪಾದಿಸಿಕೊ, ಪ್ರತಿಯೊಬ್ಬರನ್ನೂ ತಕ್ಕಡಿಯ ಒಳ್ಳೆಯ ತಟ್ಟೆಯ ಕಡೆಗೆ ತೂಗು ಎಂದು ಅಲ್ಲಿ ಒಂದೇ ಉಸಿರಿನಲ್ಲಿ ಹೇಳಿದೆ. ಮೂರನೆಯ ಮಾತು ಮೊದಲೆರಡರ ಜೊತೆಗೆ ಏಕಿದೆ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ಒಬ್ಬಳೇ ಕುಳಿತಾಗ ನನ್ನ ಸಂಶಯವೇ ನನಗೆ ಸಾಕ್ಷಿಯಾಗಿಬಿಡುತ್ತದೆ. ಎದುರಿಗೆ ಇನ್ನೊಬ್ಬರಿದ್ದರೆ ‘ಬೇರೆ ಕಾರಣವೂ ಇರಬಹುದಲ್ಲ’ ಎಂಬ ಮಾತು ಬಂದೇ ಬರುತ್ತದೆ. ಆ ರಾತ್ರಿ ನನ್ನ ಓದಿನ ಗೆಳತಿಗೆ ಒಂದು ಕರೆ ಮಾಡಿದ್ದರೆ ಆ ಸಾಲುಗಳನ್ನು ನಾನು ಕಳಿಸುತ್ತಿರಲಿಲ್ಲ.

ಇನ್ನು ಹಣದ ವಿಷಯ. ಊರಿನ ಬಡವರಿಗಾಗಿ ಇಡುತ್ತಿದ್ದ ಸಾಮೂಹಿಕ ಹುಂಡಿಗೆ ‘ಕುಪ್ಪಾ’ ಎಂದು ಹೆಸರು. ಅದರ ಹಣವನ್ನು ಇಬ್ಬರು ಸಂಗ್ರಹಿಸಬೇಕು, ಮೂವರು ಹಂಚಬೇಕು ಎಂದು ಮಿಶ್ನಾ ವಿಧಿಸುತ್ತದೆ. ಹಂಚುವುದೆಂದರೆ ಯಾರಿಗೆ ಎಷ್ಟು ಎಂದು ತೀರ್ಮಾನಿಸುವುದು, ಅಂದರೆ ತೀರ್ಪು ಕೊಡುವುದು. ಹಣದ ವ್ಯಾಜ್ಯಕ್ಕೆ ಮೂವರು ನ್ಯಾಯಾಧೀಶರು ಬೇಕಲ್ಲವೇ, ಹಾಗೆ. ಮಿಶ್ನಾದ ಮೇಲೆ ಪಂಡಿತರು ನಡೆಸಿದ ಚರ್ಚೆಗಳ ಸಂಗ್ರಹವಾದ ತಾಲ್ಮುಡ್ ಇನ್ನೂ ಸೂಕ್ಷ್ಮಕ್ಕೆ ಇಳಿಯುತ್ತದೆ. ಸಂಗ್ರಹಕ್ಕೆ ಹೊರಟವನಿಗೆ ದಾರಿಯಲ್ಲಿ ನಾಣ್ಯ ಸಿಕ್ಕಿದರೆ ಅದನ್ನು ಅವನು ತನ್ನ ಜೇಬಿಗೆ ಹಾಕಿಕೊಳ್ಳುವಂತಿಲ್ಲ. ಹುಂಡಿಗೆ ಹಾಕಿ, ಮನೆಗೆ ಬಂದ ಮೇಲೆ ತೆಗೆದುಕೊಳ್ಳಬೇಕು. ಅವನು ಕದಿಯುತ್ತಾನೆಂಬ ಭಯ ಇದರ ಹಿಂದಿಲ್ಲ. ನೋಡುವವರ ಕಣ್ಣಿಗೆ ಅನುಮಾನದ ಅವಕಾಶವೇ ಸಿಗಬಾರದು, ಅಷ್ಟೇ. ‘ಕರ್ತನ ಮುಂದೆಯೂ ಇಸ್ರಾಯೇಲರ ಮುಂದೆಯೂ ನಿರ್ದೋಷಿಗಳಾಗಿರಿ’ ಎಂಬ ಅರಣ್ಯಕಾಂಡದ ಮಾತಿನಿಂದ ಈ ಎಚ್ಚರ ಹುಟ್ಟಿದೆ.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ನಿಯಮ. ದಾನದ ಹಣ ನೋಡಿಕೊಳ್ಳುವ ನಂಬಿಗಸ್ತರಿಂದ ಲೆಕ್ಕ ಕೇಳಬಾರದು ಎಂದು ತಾಲ್ಮುಡ್ ಹೇಳುತ್ತದೆ. 16ನೆಯ ಶತಮಾನದಲ್ಲಿ ಕ್ರಾಕೋವ್‌ನ ಧರ್ಮಪಂಡಿತ ಮೋಶೆ ಇಸ್ಸೆರ್ಲೆಸ್ ಅದಕ್ಕೆ ಒಂದು ಟಿಪ್ಪಣಿ ಸೇರಿಸಿದರು: ಆದರೂ ತಾವು ನಿರ್ದೋಷಿಗಳಾಗಿ ಕಾಣುವ ಸಲುವಾಗಿ ಅವರು ತಾವೇ ಲೆಕ್ಕ ಕೊಡುವುದು ಒಳ್ಳೆಯದು. ಈ ಎರಡನ್ನೂ ಒಟ್ಟಿಗೆ ಓದಿ. ಒಂದು ನನ್ನ ಬಾಯಿಗೆ ಹೇಳಿದ್ದು, ಇನ್ನೊಂದು ಖಜಾಂಚಿಯ ಪುಸ್ತಕಕ್ಕೆ ಹೇಳಿದ್ದು. ನಾವು ಎರಡನ್ನೂ ಮೀರಿದ್ದೆವು. ಹಣ ಒಬ್ಬರ ಕೈಯಲ್ಲೇ ಇತ್ತು, ಲೆಕ್ಕ ತಾನಾಗಿ ಬರುವ ದಿನವೇ ಗೊತ್ತಿರಲಿಲ್ಲ, ಹಾಗಾಗಿ ಅನುಮಾನ ಬೆಳೆಯಲು ಜಾಗವಿತ್ತು. ಈಗ ನಮ್ಮ ನಿಧಿಗೆ ಇಬ್ಬರ ಸಹಿಯಿಲ್ಲದೆ ಹಣ ಬರುವುದಿಲ್ಲ, ಮೂವರು ಒಪ್ಪದೆ ಹೋಗುವುದಿಲ್ಲ. ತಿಂಗಳ ಮೊದಲ ಭಾನುವಾರ ಯಾರೂ ಕೇಳದೆಯೇ ಲೆಕ್ಕ ಗೋಡೆಗೆ ಬರುತ್ತದೆ. ಪಡೆದವರ ಹೆಸರಿನ ಜಾಗದಲ್ಲಿ ಒಂದು ಅಂಕಿ ಇರುತ್ತದೆ. ಆ ಅಂಕಿ ಯಾರದೆಂದು ಮೂವರಿಗೆ ಮಾತ್ರ ಗೊತ್ತು. ಕೊಟ್ಟವನಿಗೆ ಪಡೆದವನು ಗೊತ್ತಿಲ್ಲದ, ಪಡೆದವನಿಗೆ ಕೊಟ್ಟವನು ಗೊತ್ತಿಲ್ಲದ ದಾನವನ್ನು ಮಧ್ಯಯುಗದ ಯೆಹೂದಿ ಪಂಡಿತ ಮೈಮೊನಿಡೀಸ್ ತಾವು ಹೇಳಿದ ದಾನದ ಎಂಟು ಮೆಟ್ಟಿಲುಗಳಲ್ಲಿ ಎರಡನೆಯ ಅತ್ಯುನ್ನತ ಸ್ಥಾನದಲ್ಲಿ ಇಡುತ್ತಾರೆ. ಅದಕ್ಕೂ ಮೇಲಿರುವುದು ಕೆಲಸ, ಸಾಲ ಅಥವಾ ಪಾಲುದಾರಿಕೆ ಕೊಟ್ಟು ಒಬ್ಬನನ್ನು ಅವನ ಕಾಲ ಮೇಲೆ ನಿಲ್ಲಿಸುವುದು. ಆ ಮೆಟ್ಟಿಲನ್ನು ನಮ್ಮ ಸಂಘ ಇನ್ನೂ ಏರಿಲ್ಲ.

ಮಾತಿನ ವಿಷಯದಲ್ಲಿ ಬಹಳ ಜನ ಎಡವುವುದು ‘ನಿಜವನ್ನೇ ಹೇಳಿದೆ’ ಎಂಬ ಸಮಾಧಾನದಲ್ಲಿ. ಹೀಬ್ರೂ ಭಾಷೆಯಲ್ಲಿ ಸುಳ್ಳು ಅಪವಾದಕ್ಕೆ ಬೇರೆಯದೇ ಹೆಸರಿದೆ. ‘ಲಾಶೋನ್ ಹರಾ’, ಅಂದರೆ ಕೆಟ್ಟ ನಾಲಿಗೆ, ನಿಜವಾದ ಮಾತಿನಿಂದಲೇ ಇನ್ನೊಬ್ಬರಿಗೆ ಕೇಡು ಮಾಡುವುದು. ಅದು ಹೇಳಿದವನನ್ನು, ಕೇಳಿದವನನ್ನು, ಯಾರ ಬಗ್ಗೆ ಹೇಳಲಾಯಿತೋ ಅವನನ್ನು, ಹೀಗೆ ಮೂವರನ್ನು ಕೊಲ್ಲುತ್ತದೆ ಎನ್ನುತ್ತದೆ ತಾಲ್ಮುಡ್. ಹತ್ತು ಜನರ ಮುಂದೆ ಒಬ್ಬನ ಮುಖ ಬಿಳಿಚಿಕೊಳ್ಳುವಂತೆ ಮಾಡಿದರೆ ರಕ್ತ ಸುರಿಸಿದಂತೆ ಎಂಬ ಮಾತೂ ಅಲ್ಲಿಯೇ ಇದೆ: ಕೆಂಪು ಹೋಗಿ ಬಿಳುಪು ಬರುವುದನ್ನು ನಾವು ನೋಡುತ್ತೇವಲ್ಲ ಎನ್ನುತ್ತಾನೆ ಒಬ್ಬ ಪಂಡಿತ. ಮೊಬೈಲ್ ಗುಂಪಿನಲ್ಲಿ ಆ ಮುಖ ನಮಗೆ ಕಾಣುವುದಿಲ್ಲ. ಅಪಾಯವಿರುವುದು ಅಲ್ಲಿಯೇ.

ಹಾಗೆಂದು ತಪ್ಪನ್ನು ಮುಚ್ಚಿಡಿ ಎಂದು ಈ ಬೋಧನೆ ಹೇಳುವುದಿಲ್ಲ. ಯಾಜಕಕಾಂಡದ 19ನೆಯ ಅಧ್ಯಾಯದ 16ನೆಯ ವಚನದಲ್ಲಿ ಚಾಡಿ ಹೇಳಬೇಡ ಎಂಬ ಮಾತಿನ ಬೆನ್ನಿಗೇ ನೆರೆಯವನ ಪ್ರಾಣಕ್ಕೆ ಅಪಾಯವಿರುವಾಗ ಸುಮ್ಮನೆ ನಿಲ್ಲಬೇಡ ಎಂಬ ಮಾತೂ ಇದೆ. ಮಕ್ಕಳಿಗೆ ಹಿಂಸೆ, ಹೆಂಗಸರ ಮೇಲೆ ದೌರ್ಜನ್ಯ, ಹಣದ ದುರುಪಯೋಗ ಕಂಡಾಗ ‘ಲಾಶೋನ್ ಹರಾ ಆಗುತ್ತದೆ, ಸುಮ್ಮನಿರಿ’ ಎಂದು ಯಾರಾದರೂ ಬಾಯಿ ಮುಚ್ಚಿಸಿದರೆ ಅವರು ಆ ವಚನದ ಅರ್ಧವನ್ನು ಮಾತ್ರ ಓದಿದ್ದಾರೆ ಎಂದೇ ತಿಳಿಯಿರಿ. ಅಂಥ ಸಂಗತಿ ಅಂದೇ ಪೊಲೀಸರಿಗೆ, ಸಂಬಂಧಪಟ್ಟ ಅಧಿಕಾರಿಗೆ ತಲುಪಬೇಕು.

ಉಳಿದ ಸಂದರ್ಭಗಳಿಗೆ ಧರ್ಮಪಂಡಿತ ಇಸ್ರಯೇಲ್ ಮೇಯರ್ ಕಗಾನ್ ಮಾತಿನ ನಿಯಮಗಳ ಬಗ್ಗೆ 1873ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಏಳು ಷರತ್ತುಗಳಿವೆ. ನಾನು ಅವುಗಳನ್ನು ಪ್ರಶ್ನೆಗಳಾಗಿ ಒಂದು ಚೀಟಿಯಲ್ಲಿ ಬರೆದುಕೊಂಡಿದ್ದೇನೆ. ನಾನೇ ಕಂಡದ್ದೋ, ಕೇಳಿದ್ದೋ? ಅದು ತಪ್ಪೇ ಎಂದು ಖಚಿತವಾಗಿದೆಯೇ? ಮೊದಲು ಅವರನ್ನೇ ಮೃದುವಾಗಿ ಕೇಳಿದೆನೇ? ಇದ್ದದ್ದಕ್ಕಿಂತ ದೊಡ್ಡದು ಮಾಡುತ್ತಿದ್ದೇನೆಯೇ? ನನ್ನ ಉದ್ದೇಶ ಒಬ್ಬರಿಗೆ ಒಳಿತಾಗುವುದೋ, ನನ್ನ ಸಿಟ್ಟು ತೀರುವುದೋ? ಹೇಳದೆಯೇ ಆ ಒಳಿತನ್ನು ಸಾಧಿಸಲು ಬೇರೆ ದಾರಿಯಿದೆಯೇ? ಅವರಿಗೆ ನ್ಯಾಯವಾಗಿ ಆಗಬೇಕಾದುದಕ್ಕಿಂತ ಹೆಚ್ಚಿನ ಹಾನಿ ಆಗುತ್ತದೆಯೇ? ಆ ರಾತ್ರಿಯ ನನ್ನ ಸಂದೇಶ ಎರಡನೆಯ ಪ್ರಶ್ನೆಯಲ್ಲೇ ಬೀಳುತ್ತದೆ, ಮೂರನೆಯದರಲ್ಲಿ ಮತ್ತೆ ಬೀಳುತ್ತದೆ. ಐದನೆಯದಕ್ಕೆ ಉತ್ತರ ಕೊಡಲು ನನಗೆ ಒಂದು ತಿಂಗಳು ಬೇಕಾಯಿತು. ಹಿಂದಿನ ಸಭೆಯೊಂದರಲ್ಲಿ ಅವರು ನನ್ನ ಸಲಹೆಯನ್ನು ತಳ್ಳಿಹಾಕಿದ್ದರು.

ಮಾಡಿದ್ದಾಯಿತು, ಈಗ ಹೇಗೆ ಸರಿಪಡಿಸುವುದು? ‘ತೆಶುವಾ’ ಎಂಬ ಹೀಬ್ರೂ ಪದಕ್ಕೆ ಮರಳುವುದು ಎಂದು ಅರ್ಥ. ಪಶ್ಚಾತ್ತಾಪ ಎಂದು ಅನುವಾದಿಸಿದರೆ ಅದು ಬರಿಯ ಒಳಗಿನ ಸಂಕಟವಾಗಿಬಿಡುತ್ತದೆ, ತೆಶುವಾದಲ್ಲಾದರೋ ಕಾಲಿಗೂ ಕೆಲಸವಿದೆ. ದೇವರ ವಿರುದ್ಧದ ತಪ್ಪಿಗೆ ಯೋಮ್ ಕಿಪ್ಪೂರ್, ಅಂದರೆ ವರ್ಷಕ್ಕೊಮ್ಮೆ ಬರುವ ಪ್ರಾಯಶ್ಚಿತ್ತದ ದಿನ, ಪರಿಹಾರ ಕೊಡುತ್ತದೆ, ಮನುಷ್ಯನಿಗೆ ಮಾಡಿದ ತಪ್ಪಿಗೆ ಆ ಮನುಷ್ಯನನ್ನು ಸಮಾಧಾನಪಡಿಸುವ ತನಕ ಆ ದಿನವೂ ಪರಿಹಾರ ಕೊಡಲಾರದು ಎಂದು ಮಿಶ್ನಾ ಹೇಳುತ್ತದೆ. ಇಡೀ ದಿನದ ಉಪವಾಸ, ಪ್ರಾರ್ಥನೆಗಳನ್ನು ಆಚರಿಸುವ ಸಮುದಾಯವೇ ಹೀಗೆ ಒಪ್ಪಿಕೊಂಡಿದೆ.

1204ರಲ್ಲಿ ತೀರಿಕೊಂಡ ಮೈಮೊನಿಡೀಸ್ ಇದರ ವಿಧಾನವನ್ನು ಬಿಡಿಸಿ ಹೇಳಿದ್ದಾರೆ. ತಪ್ಪನ್ನು ಬಿಡಬೇಕು, ಮರುಗಬೇಕು, ಮತ್ತೆ ಮಾಡುವುದಿಲ್ಲವೆಂದು ನಿಶ್ಚಯಿಸಬೇಕು, ಬಾಯಿಬಿಟ್ಟು ಹೇಳಬೇಕು. ಮಾತಿನಿಂದ ನೋಯಿಸಿದ್ದರೂ ಹೋಗಿ ಕೇಳಿಕೊಳ್ಳಬೇಕು. ಒಪ್ಪದಿದ್ದರೆ ಮೂವರು ಗೆಳೆಯರನ್ನು ಕರೆದುಕೊಂಡು ಹೋಗಬೇಕು, ಮತ್ತೆ ಎರಡನೆಯ ಸಲ, ಮೂರನೆಯ ಸಲ. ಆಗಲೂ ಒಪ್ಪದಿದ್ದರೆ ಬಿಟ್ಟುಬಿಡಬಹುದು. ಆದರೆ ನೊಂದವರು ಗುರುವಾಗಿದ್ದರೆ ಸಾವಿರ ಸಲವಾದರೂ ಹೋಗಬೇಕು.

ನನ್ನ ಮೊದಲ ಪ್ರಯತ್ನ ಕೆಟ್ಟದ್ದಾಗಿತ್ತು. ‘ನಿಮಗೆ ನೋವಾಗಿದ್ದರೆ ಕ್ಷಮಿಸಿ ಸರ್’ ಎಂದೆ. ಅವರು ಬಾಗಿಲ ಬಳಿಯೇ ನಿಂತು ‘ಆಯಿತಮ್ಮ’ ಎಂದು ಒಳಗೆ ಹೋದರು. ‘ಆಗಿದ್ದರೆ’ ಎಂಬ ಪದ ನನ್ನ ತಪ್ಪನ್ನು ಅವರ ಮನಸ್ಸಿನ ಮೇಲೆ ಹೊರಿಸಿತ್ತು. ಎರಡನೆಯ ಸಲ ಸಮಿತಿಯ ಮೂವರು ಜೊತೆಗೆ ಬಂದರು. ಈ ಬಾರಿ ಹೆಸರಿಟ್ಟು ಹೇಳಿದೆ: ನಿಮ್ಮನ್ನು ಕೇಳದೆ, ಎಲ್ಲರ ಮುಂದೆ, ನಿಮ್ಮನ್ನು ಕಳ್ಳನೆಂದು ನಂಬುವಂತೆ ಬರೆದೆ. ಅವರು ಕುಳಿತುಕೊಳ್ಳಲು ಹೇಳಿದರು, ಕ್ಷಮಿಸಿದೆ ಎನ್ನಲಿಲ್ಲ. ನಂತರ ಅದೇ ಗುಂಪಿನಲ್ಲಿ, ಆ ಕುಟುಂಬದ ಸುಳಿವು ಸಿಗದ ಹಾಗೆ, ನನ್ನ ತಪ್ಪನ್ನು ಬರೆದೆ. ಮಾನ ಕಳೆದ ಜಾಗದಲ್ಲಿಯೇ ಅದನ್ನು ಮರಳಿಸಬೇಕಲ್ಲವೇ. ಹಾಗೆ ಬರೆಯುವ ಮುನ್ನ ಅವರ ಅನುಮತಿ ಕೇಳಿದ್ದೆ. ಇದನ್ನು ಮರೆಯಬೇಡಿ, ಏಕೆಂದರೆ ಬಹಿರಂಗ ಕ್ಷಮೆ ಹಳೆಯ ಗಾಯವನ್ನು ಮತ್ತೆ ಎಲ್ಲರಿಗೂ ತೋರಿಸುತ್ತದೆ. ಬೆನ್ನ ಹಿಂದೆ ಆಡಿದ ಮಾತು ನೊಂದವರಿಗೆ ಗೊತ್ತೇ ಇಲ್ಲದಿದ್ದರೆ ಅದನ್ನು ತಿಳಿಸಿ ಕ್ಷಮೆ ಕೇಳಬೇಕೇ ಎಂಬ ಬಗ್ಗೆ ಪಂಡಿತರಲ್ಲಿಯೇ ಭೇದವಿದೆ. ಕೇಳಲೇಬೇಕು ಎಂಬುದು ಕಗಾನ್ ಅವರ ನಿಲುವು, ನಿನ್ನ ಮನಸ್ಸು ಹಗುರವಾಗಲೆಂದು ಇನ್ನೊಬ್ಬನಿಗೆ ಹೊಸ ನೋವು ಕೊಡಬೇಡ ಎಂಬುದು ಇಸ್ರಯೇಲ್ ಸಲಾಂಟರ್ ಅವರದೆಂದು ಪರಂಪರೆ ಹೇಳುತ್ತದೆ. ನಾನು ಸಲಾಂಟರ್ ಕಡೆಗೆ ವಾಲುತ್ತೇನೆ.

ಮೂರನೆಯ ಸಲ ಹೋದಾಗ ಅವರು ಲೆಕ್ಕದ ಪುಸ್ತಕವನ್ನು ತೆರೆದು ‘ಬನ್ನಿ, ಇದನ್ನು ಇಬ್ಬರೂ ನೋಡೋಣ’ ಎಂದರು. ಖಜಾಂಚಿಯಾಗಿ ಮರಳಲು ಒಪ್ಪಲಿಲ್ಲ. ಮೂವರು ಹಂಚುವವರಲ್ಲಿ ಒಬ್ಬರಾಗಿದ್ದಾರೆ.

ಅದೇ ಸನ್ನಿವೇಶ ಮತ್ತೆ ಎದುರಾದಾಗ, ಮಾಡುವ ಶಕ್ತಿ ಇದ್ದೂ ಮಾಡದಿರುವುದೇ ಪೂರ್ಣ ತೆಶುವಾ ಎಂದು ಮೈಮೊನಿಡೀಸ್ ಹೇಳುತ್ತಾರೆ. ಕಳೆದ ತಿಂಗಳು ಹೊಸ ಖಜಾಂಚಿಯ ಲೆಕ್ಕದಲ್ಲಿ ಒಂದು ರಸೀದಿ ಇರಲಿಲ್ಲ. ರಾತ್ರಿ ಹತ್ತಾಗಿತ್ತು, ಮೊಬೈಲ್ ಕೈಯಲ್ಲಿತ್ತು. ಅದನ್ನು ಮೇಜಿನ ಮೇಲಿಟ್ಟು ಮಲಗಿದೆ. ಬೆಳಿಗ್ಗೆ ಮೆಟ್ಟಿಲು ಹತ್ತಿ ಹೋಗಿ ಆಕೆಯ ಬಾಗಿಲು ತಟ್ಟಿದೆ.