ಬೀಜದ ಸಿಪ್ಪೆ ನೋಡಿ ಬಿತ್ತಿದ ಹೂಬಳ್ಳಿಗಳು

ಶಂಖಪುಷ್ಪದ ಹತ್ತು ಬೀಜ ಹಾಕಿದರೆ ಎರಡೋ ಮೂರೋ ಮಾತ್ರ ಹುಟ್ಟಿತು ಎನ್ನುವವರು ಸಾಮಾನ್ಯವಾಗಿ ಬೀಜವನ್ನೇ ದೂರುತ್ತಾರೆ. ಹೆಚ್ಚಿನ ಸಲ ಬೀಜ ಚೆನ್ನಾಗಿಯೇ ಇರುತ್ತದೆ, ಸಿಪ್ಪೆ ನೀರನ್ನು ಒಳಗೆ ಬಿಟ್ಟಿರುವುದಿಲ್ಲ. ಕಾಳು ನೆನೆಸಿದಾಗ ಪಾತ್ರೆಯ ತಳದಲ್ಲಿ ಒಂದೆರಡು ಉಬ್ಬದೆ ಕಲ್ಲಿನಂತೆ ಉಳಿದುಬಿಡುತ್ತವಲ್ಲ, ಅದೇ ಗುಣ. ಹೆಸರು, ಅವರೆಗಳ ಕುಟುಂಬಕ್ಕೇ ಸೇರಿದ ಬಳ್ಳಿ ಇದು.

ಬೆಂಗಳೂರಿನ ತಾರಸಿಯಲ್ಲಿ ನಾನು ಬೀಜದಿಂದ ಬೆಳೆಸುವುದು ಮುಖ್ಯವಾಗಿ ಶಂಖಪುಷ್ಪ, ಕಾಮಲತೆ ಮತ್ತು ನಡುವೆ ಕಪ್ಪು ಕಣ್ಣಿರುವ ಹೂ ಬಿಡುವ ಥನ್‌ಬರ್ಜಿಯಾ ಅಲಾಟಾ. ಜಾಗ ಉಳಿದರೆ ಒಂದು ಕುಂಡ ಮಾರ್ನಿಂಗ್ ಗ್ಲೋರಿ. ನಾಲ್ಕನ್ನೂ ಒಂದೇ ರೀತಿ ನೆನೆಸಿ ಒಂದೇ ಆಳಕ್ಕೆ ಹಾಕಿದರೆ ಒಂದಲ್ಲ ಒಂದು ಕೈಕೊಡುತ್ತದೆ.

ಶಂಖಪುಷ್ಪದ ಬೀಜದಲ್ಲಿ ಮೊದಲು ಕಣ್ಣು ಗುರುತಿಸಿಕೊಳ್ಳಬೇಕು. ಕಾಯಿಗೆ ಅಂಟಿಕೊಂಡಿದ್ದ ಜಾಗದಲ್ಲಿ ಸಣ್ಣ ಮಚ್ಚೆ ಇರುತ್ತದೆ, ಅದೇ ಕಣ್ಣು. ಬೇರು ಹೊರಡುವುದು ಅದರ ಪಕ್ಕದಿಂದಲೇ, ಹಾಗಾಗಿ ಉಜ್ಜುವುದು ಅದರ ಎದುರು ಬದಿಯನ್ನು. 120 ನಂಬರಿನ ಉಪ್ಪುಕಾಗದವನ್ನು ಮೇಜಿನ ಮೇಲಿಟ್ಟು, ಬೀಜವನ್ನು ಎರಡು ಬೆರಳಲ್ಲಿ ಹಿಡಿದು ಹತ್ತು ಹದಿನೈದು ಸಲ ಎಳೆದರೆ ಕಂದು ಹೊಳಪು ಹೋಗಿ ಒಳಗಿನ ತಿಳಿ ಬಣ್ಣ ಚುಕ್ಕೆಯಷ್ಟು ಕಾಣುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಇನ್ನೂ ಉಜ್ಜಿದರೆ ಬೀಜದಳಕ್ಕೆ ಗಾಯವಾಗಿ ಮಣ್ಣಿನಲ್ಲಿ ಕೊಳೆಯುತ್ತದೆ. ನೇಲ್ ಕಟರ್‌ನಿಂದ ಸಿಪ್ಪೆಯ ಚೂರು ಕತ್ತರಿಸಿದರೂ ನಡೆಯುತ್ತದೆ, ಆದರೆ ಕೈ ಪಳಗಿರಬೇಕು. ಕುದಿಯುವ ನೀರು ಸುರಿಯುವ ಉಪಾಯವೂ ಇದೆ. ನಾನು ಅದನ್ನು ಬಿಟ್ಟಿದ್ದೇನೆ, ಯಾವ ಬೀಜ ಮೆತ್ತಗಾಯಿತು, ಯಾವುದು ಬೆಂದಿತು ಎಂದು ಗೊತ್ತಾಗುವುದಿಲ್ಲ.

ಉಜ್ಜಿದ್ದನ್ನು ರಾತ್ರಿ ಉಗುರು ಬೆಚ್ಚಗಿನ ನೀರಿಗೆ ಹಾಕಿದರೆ ಬೆಳಗ್ಗೆ ಉಬ್ಬಿ ದಪ್ಪಗಾಗಿರುತ್ತವೆ. ಉಬ್ಬದವನ್ನು ಬಿತ್ತಲು ಹೋಗದೆ ಇನ್ನೊಮ್ಮೆ ಉಜ್ಜಿ ಮತ್ತೆ ನೆನೆಸುತ್ತೇನೆ. ಉಬ್ಬಿದವು 24 ಗಂಟೆ ಮೀರಿ ನೀರಿನಲ್ಲಿರಬಾರದು, ಗಾಳಿಯಿಲ್ಲದೆ ಹುಳಿ ವಾಸನೆ ಬರುತ್ತದೆ. ಬಿತ್ತುವ ಆಳ ಒಂದರಿಂದ ಒಂದೂವರೆ ಸೆಂಟಿಮೀಟರ್. ಬೆಚ್ಚಗಿನ ದಿನಗಳಲ್ಲಿ ವಾರದೊಳಗೆ ಮೊಳಕೆ ಕಾಣುತ್ತದೆ. ಡಿಸೆಂಬರ್ ಚಳಿಯಲ್ಲಿ ಹಾಕಿದರೆ ಎರಡರಷ್ಟು ದಿನ ಹಿಡಿಯುತ್ತದೆ, ಅಷ್ಟರಲ್ಲಿ ಕೆಲವು ಕೊಳೆತೂ ಹೋಗುತ್ತವೆ.

ಕಾಮಲತೆಯ ಬೀಜ ಕಪ್ಪಗೆ, ಉದ್ದುದ್ದಕ್ಕೆ ಇರುತ್ತದೆ. ಅದಕ್ಕೆ ಉಜ್ಜುವ ಕೆಲಸವಿಲ್ಲ, ಎಂಟರಿಂದ ಹನ್ನೆರಡು ಗಂಟೆ ನೆನೆಸಿದರೆ ಸಾಕು. ಇದಕ್ಕೆ ಆಳಕ್ಕಿಳಿಯುವ ತಾಯಿಬೇರು, ಕಿತ್ತು ನೆಟ್ಟರೆ ಮುನಿಸಿಕೊಂಡು ವಾರಗಟ್ಟಲೆ ಹಾಗೇ ನಿಂತಿರುತ್ತದೆ. ಆದ್ದರಿಂದ ಬೆಳೆಯಬೇಕಾದ ಕುಂಡದಲ್ಲೇ, ಹತ್ತು ಇಂಚಿನದಕ್ಕೆ ಮೂರು ಬೀಜದಂತೆ ಹಾಕುತ್ತೇನೆ. ಮೊದಲು ಬರುವ ಎರಡು ಬೀಜದಳಗಳು ಆಳವಾಗಿ ಸೀಳಿ ಕವಲುಗೋಲಿನ ಹಾಗೆ ಕಾಣುತ್ತವೆ, ಆಮೇಲಿನ ನವಿರು ಎಲೆಗೂ ಅವಕ್ಕೂ ಸಂಬಂಧವೇ ಇಲ್ಲವೇನೋ ಎನ್ನಿಸುತ್ತದೆ. ಕಳೆ ಎಂದು ಕಿತ್ತುಹಾಕುವುದು ಈ ಹಂತದಲ್ಲೇ. ಉದುರಿದ ಬೀಜದಿಂದ ಮರುವರ್ಷ ತಾನಾಗಿಯೇ ಹುಟ್ಟಿ ಬೇಲಿಯನ್ನೆಲ್ಲ ಆವರಿಸುವ ಬಳ್ಳಿ ಇದು, ಹಾಗಾಗಿ ತೋಟವಿದ್ದವರೂ ಕುಂಡದಲ್ಲೇ ಇಟ್ಟುಕೊಳ್ಳುವುದು ವಾಸಿ.

ಥನ್‌ಬರ್ಜಿಯಾ ಬೀಜದ ಒಂದು ಬದಿ ಗುಂಡಗೆ, ಇನ್ನೊಂದು ಬದಿ ಪುಟ್ಟ ಬಟ್ಟಲಿನಂತೆ ಕುಳಿ ಬಿದ್ದಿರುತ್ತದೆ. ಟೊಳ್ಳು ಬೀಜ ಎಂದು ಎಸೆಯಬೇಡಿ. ಇದನ್ನು ಉಜ್ಜುವುದೂ ಬೇಡ, ರಾತ್ರಿಯೆಲ್ಲ ನೆನೆಸುವುದೂ ಬೇಡ. ಎರಡು ಮೂರು ಗಂಟೆ ನೀರಿನಲ್ಲಿಟ್ಟು ಅರ್ಧ ಸೆಂಟಿಮೀಟರ್ ಆಳಕ್ಕೆ ಹಾಕಿದರೆ ಸರಿ. ಮೊಳೆಯುವುದಕ್ಕೆ ಎರಡು ವಾರ, ಕೆಲವೊಮ್ಮೆ ಮೂರು. ಹನ್ನೆರಡನೇ ದಿನಕ್ಕೆ ಬೇಸತ್ತು ಮಣ್ಣು ಕೆದಕಿ ನೋಡುವುದೇ ಇದರ ದೊಡ್ಡ ಶತ್ರು.

ಸಸಿ ಮಾಡಲು ಚಹಾದ ಕಾಗದದ ಲೋಟಗಳ ತಳಕ್ಕೆ ಮೂರು ತೂತು ಹೊಡೆದು ಬಳಸುತ್ತೇನೆ, ನೆಡುವಾಗ ಲೋಟ ಹರಿದರೆ ಬೇರು ಅಲುಗುವುದಿಲ್ಲ. ಮಿಶ್ರಣ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕೊಕೊಪೀಟ್, ಒಂದು ಪಾಲು ಜರಡಿ ಹಿಡಿದ ಹಳೇ ಕೊಟ್ಟಿಗೆ ಗೊಬ್ಬರ. ಗೊಬ್ಬರ ಹಸಿಯಾಗಿದ್ದರೆ ಅಥವಾ ದಿನಕ್ಕೆ ಎರಡು ಸಲ ನೀರು ಹಾಕಿದರೆ ಮೊಳಕೆಯ ಬುಡ ನೂಲಿನಂತೆ ಸಣ್ಣಗಾಗಿ ಸಸಿ ಮಗುಚಿಕೊಳ್ಳುತ್ತದೆ. ಅದು ಶಿಲೀಂಧ್ರದ ಬುಡಕೊಳೆ. ಬಿದ್ದ ಸಸಿ ಏಳುವುದಿಲ್ಲ. ಉಳಿದವನ್ನಾದರೂ ಗಾಳಿಯಾಡುವ ಕಡೆ ಇಟ್ಟು, ಮೇಲ್ಮಣ್ಣು ಒಣಗಿದ ಮೇಲೆ ಮಾತ್ರ ನೀರು ಕೊಡಬೇಕು.

ಬಿತ್ತಲು ಒಳ್ಳೆಯ ಕಾಲ ಮೇ ಕೊನೆ, ಜೂನ್ ಆರಂಭ. ಮಾರ್ನಿಂಗ್ ಗ್ಲೋರಿಯ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದರ ಐಪೊಮಿಯಾ ನಿಲ್ ಜಾತಿ ಮೊಗ್ಗು ಕಟ್ಟುವುದು ರಾತ್ರಿ ಉದ್ದವಾದಾಗ, ಆ ರಾತ್ರಿಯೂ ಕತ್ತಲಾಗಿಯೇ ಇರಬೇಕು. ಬಾಲ್ಕನಿಯ ಎದುರಿಗೇ ಬೀದಿದೀಪವಿದ್ದು ಬಳ್ಳಿ ಬರೀ ಎಲೆ ಹೊರುತ್ತಿದ್ದರೆ ಗೊಬ್ಬರ ಬದಲಿಸುವ ಮೊದಲು ಕುಂಡದ ಜಾಗ ಬದಲಿಸಿ ನೋಡಿ. ಅಂದಹಾಗೆ ಇದರ ಬೀಜ ವಿಷ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಕೈಗೆ ಸಿಗದಂತೆ ಇಡಬೇಕು.

ಆಸರೆಯ ವಿಷಯದಲ್ಲಿ ಆಗುವಷ್ಟು ತಪ್ಪು ಬೇರೆಲ್ಲೂ ಆಗುವುದಿಲ್ಲ. ಈ ನಾಲ್ಕೂ ಕುಡಿಯಿಂದಲೇ ಸುತ್ತಿ ಹತ್ತುವ ಬಳ್ಳಿಗಳು. ಹಾಗಲಕ್ಕಿರುವಂಥ ಹಿಡಿಯುವ ತಂತು ಇವಕ್ಕಿಲ್ಲ, ಗೋಡೆಗೆ ಅಂಟುವ ಬೇರೂ ಇಲ್ಲ. ಎಳೆಯ ಕುಡಿ ಪೆನ್ಸಿಲ್ ದಪ್ಪದ ಕಡ್ಡಿಯನ್ನೋ ಹುರಿಯನ್ನೋ ಸಲೀಸಾಗಿ ಸುತ್ತುತ್ತದೆ. ಎರಡಿಂಚಿನ ನುಣುಪು ಪಿವಿಸಿ ಪೈಪಿಗೆ ಹಚ್ಚಿದರೆ ಜಾರಿ ಬುಡದಲ್ಲೇ ಗುಂಪಾಗುತ್ತದೆ. ಪೈಪು ಆಗಲೇ ನಿಲ್ಲಿಸಿಬಿಟ್ಟಿದ್ದರೆ ಅದರ ಉದ್ದಕ್ಕೂ ನಾಲ್ಕೈದು ಕಡೆ ತೆಂಗಿನ ಹುರಿ ಇಳಿಬಿಟ್ಟು ಮೇಲೆ ಕೆಳಗೆ ಬಿಗಿಯಾಗಿ ಕಟ್ಟಿ. ಹುರಿ ಸಡಿಲವಿದ್ದರೆ ಗಾಳಿಗೆ ತೂಗಿ ಕುಡಿ ಮುರಿಯುತ್ತದೆ. ಆಸರೆಯನ್ನು ಬಿತ್ತುವ ದಿನವೇ ಊರಬೇಕು, ಆಮೇಲೆ ಊರಿದ ಕೋಲು ಬೇರನ್ನು ಸೀಳುತ್ತದೆ. ಕಾಮಲತೆ, ಮಾರ್ನಿಂಗ್ ಗ್ಲೋರಿಗಳು ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತವೆ. ನಾವು ಸಹಾಯ ಮಾಡಲು ಹೋಗಿ ಆ ಕಡೆಗೆ ಬದಲು ಈ ಕಡೆಗೆ ಸುತ್ತಿದರೆ ಬಳ್ಳಿ ಬಿಚ್ಚಿಕೊಂಡು ಕೆಳಗೆ ಬೀಳುತ್ತದೆ.

ಶಂಖಪುಷ್ಪಕ್ಕೆ ಹನ್ನೆರಡು ಇಂಚಿನ ಕುಂಡ, ಒಂದು ಅಥವಾ ಎರಡು ಸಸಿ. ಒಂದು ಗೇಣು ಎತ್ತರವಾದಾಗ ಕುಡಿ ಚಿವುಟಿದರೆ ಕವಲು ಬರುತ್ತದೆ. ಹೂ ಎಲೆಯ ಕಂಕುಳಲ್ಲಿ ಬರುವುದರಿಂದ ಕವಲು ಹೆಚ್ಚಾದಷ್ಟೂ ಹೂ ಹೆಚ್ಚು. ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುವುದರಿಂದ ಯೂರಿಯಾವನ್ನಾಗಲಿ ಕಡಲೆ ಹಿಂಡಿಯನ್ನಾಗಲಿ ಇದು ಬೇಡುವುದಿಲ್ಲ. ಕೊಟ್ಟರೆ ಕಡು ಹಸಿರಾಗಿ ಬೆಳೆದು ಹೂವಿಗೆ ಕಾಯಿಸುತ್ತದೆ. ತಿಂಗಳಿಗೊಮ್ಮೆ ಎರಡು ಹಿಡಿ ಎರೆಗೊಬ್ಬರ ಸಾಕು. ಎಳೆಗಾಯಿಗಳನ್ನು ಆಗಾಗ ಕಿತ್ತುಹಾಕುತ್ತಿದ್ದರೆ ಹೂ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಕೆಳಗಿನ ಎಲೆ ಹಳದಿಯಾದರೆ ಗೊಬ್ಬರ ಹುಡುಕುವ ಮೊದಲು ಕುಂಡದಡಿಯ ತಟ್ಟೆ ತೆಗೆಯಿರಿ, ನಿಂತ ನೀರು ಬೇರನ್ನು ಉಸಿರುಗಟ್ಟಿಸುತ್ತಿರುತ್ತದೆ.

ಮಾರ್ಚ್, ಏಪ್ರಿಲ್‌ನಲ್ಲಿ ಕೆಂಪು ನುಸಿ ಬರುತ್ತದೆ. ಎಲೆಯ ಮೇಲೆ ಸೂಜಿಮೊನೆಯಂಥ ಬಿಳಿ ಚುಕ್ಕೆ, ಅಡಿಯಲ್ಲಿ ನವಿರಾದ ಬಲೆ. ಮೂರು ನಾಲ್ಕು ದಿನ ಬೆಳಗ್ಗೆ ಎಲೆಯಡಿಗೆ ಜೋರಾಗಿ ನೀರು ಹಾಯಿಸಿದರೆ ಮುಕ್ಕಾಲು ಪಾಲು ಹೋಗುತ್ತದೆ. ಉಳಿದದ್ದಕ್ಕೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಕರಗಲು ಸ್ವಲ್ಪ ದ್ರವ ಸೋಪು ಸೇರಿಸಿ ಸಂಜೆ ಸಿಂಪಡಿಸುತ್ತೇನೆ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಶಂಖಪುಷ್ಪದ ನೀಲಿ ಚಹಾ ಕುಡಿಯುವವರು ಆ ವಾರದ ಹೂವನ್ನು ಬಿಡಿಸಬಾರದು.

ಬೀಜಕ್ಕೆಂದು ಕೊನೆಯಲ್ಲಿ ಕೆಲವು ಕಾಯಿ ಬಿಡುತ್ತೇನೆ. ಶಂಖಪುಷ್ಪದ ಹೂ ಅರಳುವ ಮೊದಲೇ ಒಳಗೆ ಪರಾಗಸ್ಪರ್ಶ ಬಹುಪಾಲು ಮುಗಿದಿರುವುದರಿಂದ ನೀಲಿ, ಬಿಳಿ, ಸುತ್ತುದಳದ ಬಗೆಗಳನ್ನು ಹತ್ತಿರವೇ ಬೆಳೆಸಿದರೂ ತಾಯಿಯಂಥದೇ ಹೂ ಬರುವುದು ಹೆಚ್ಚು. ಕಾಯಿ ಕಂದು ಬಣ್ಣಕ್ಕೆ ತಿರುಗಿ ಗರಿಗರಿಯಾದ ಮೇಲೆ, ತಿರುಚಿ ಸಿಡಿಯುವ ಮೊದಲು ಕಿತ್ತು, ನೆರಳಲ್ಲಿ ಒಣಗಿಸಿ ಕಾಗದದ ಪೊಟ್ಟಣದಲ್ಲಿ ತಿಂಗಳು ಬರೆದಿಡಬೇಕು. ಥನ್‌ಬರ್ಜಿಯಾಕ್ಕೆ ಇಷ್ಟು ಸಲುಗೆ ಇಲ್ಲ. ಕೊಕ್ಕು ಇರುವ ಹಕ್ಕಿತಲೆಯಂಥ ಕಾಯಿ ಒಣಗಿದ ಕೂಡಲೇ ಸಿಡಿದು ಬೀಜವನ್ನು ದೂರಕ್ಕೆ ಎಸೆಯುತ್ತದೆ, ಹಸಿರು ಮಾಸುತ್ತಿದ್ದಂತೆಯೇ ಹಳೇ ಸೊಳ್ಳೆಪರದೆಯ ಚೂರನ್ನು ಚೀಲದಂತೆ ಸುತ್ತಿ ದಾರ ಕಟ್ಟುತ್ತೇನೆ.