ಗೋಡೆಯ ಮೇಲೆ 1919–1939: ಫ್ಯಾಸಿಸಂನಿಂದ ಎರಡನೇ ಮಹಾಯುದ್ಧದವರೆಗಿನ ಚಾರ್ಟ್ ಮಾಡುವ ಬಗೆ

ಹೈಸ್ಕೂಲು, ಪಿಯು ಮಕ್ಕಳಿಂದ ಇಸವಿಗಳನ್ನು ಬಾಯಿಪಾಠ ಮಾಡಿಸುವ ಬದಲು ಅಳತೆಗೆ ತಕ್ಕಂತೆ ಗೋಡೆಯ ಮೇಲೆ ಬರೆಸಿ. ಯಾವುದರ ಹಿಂದೆ ಯಾವುದು ಬಂತು ಎಂಬುದು ಕಣ್ಣಿಗೇ ಕಾಣುತ್ತದೆ.

ಬೆಂಗಳೂರಿನ ಅವೆನ್ಯೂ ರೋಡಿನ ಸ್ಟೇಷನರಿ ಅಂಗಡಿಗಳಿಂದ 71×56 ಸೆಂ.ಮೀ.ನ 8 ಚಾರ್ಟ್ ಪೇಪರ್ ತನ್ನಿ. ಆರನ್ನು ಉದ್ದಕ್ಕೆ, 1 ಸೆಂ.ಮೀ. ಮೇಲೆ ಬೀಳುವಂತೆ ಅಂಟಿಸಿದರೆ 421 ಸೆಂ.ಮೀ. ವರ್ಷಕ್ಕೆ 20 ಸೆಂ.ಮೀ.ನಂತೆ 21 ವರ್ಷ ಹಿಡಿಯುತ್ತದೆ. ನಡುವೆ ಅಡ್ಡಗೆರೆ ಎಳೆಯಿರಿ. ಮೇಲೆ ಜರ್ಮನಿಯೊಳಗಿನದು, ಕೆಳಗೆ ಹೊರಗಿನದು.

ಮೊದಲು ಹಿಟ್ಲರನ ನಾಜಿ ಪಕ್ಷ ಸಂಸತ್ ಚುನಾವಣೆಗಳಲ್ಲಿ ಪಡೆದ ಮತಗಳ ಕಂಬಗಳು, ಶೇ. 1ಕ್ಕೆ ಅರ್ಧ ಸೆಂ.ಮೀ.: 1928 ಮೇ, ಶೇ. 2.6, 1930 ಸೆಪ್ಟೆಂಬರ್, 18.3, 1932 ಜುಲೈ, 37.3, ಅದೇ ವರ್ಷದ ನವೆಂಬರ್, 33.1. ಹೆಚ್ಚಿನ ಮಕ್ಕಳು, ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಮೇಲೆ 1919ರಲ್ಲಿ ಹೇರಿದ ವರ್ಸೇಲ್ಸ್ ಒಪ್ಪಂದದಿಂದ ನೇರ ಹಿಟ್ಲರ್‌ಗೆ ಬಾಣ ಎಳೆಯುತ್ತಾರೆ. ಒಪ್ಪಂದವಾಗಿ ಒಂಬತ್ತು ವರ್ಷವಾದ ಮೇಲೂ ಕಂಬ 1.3 ಸೆಂ.ಮೀ. ಮಾತ್ರ ಏಕೆ ಎಂದು ಅಲ್ಲೇ ಕೇಳಿ. ಇನ್ನೊಂದು ಗೊಂದಲ, 1923ರ ಹಣದುಬ್ಬರವನ್ನು 1929ರ ನಂತರದ ಆರ್ಥಿಕ ಕುಸಿತದ ಜೊತೆ ಬೆರೆಸುವುದು. 1932ರ ಆರಂಭದಲ್ಲಿ ಜನರನ್ನು ಕಂಗೆಡಿಸಿದ್ದು ನಿರುದ್ಯೋಗ, ಸುಮಾರು 60 ಲಕ್ಷ ಮಂದಿಗೆ ಕೆಲಸವಿರಲಿಲ್ಲ. ಎರಡಕ್ಕೂ ಬೇರೆ ಬೇರೆ ಬಣ್ಣ ಬಳಸಿ.

ನವೆಂಬರಿನಲ್ಲಿ ಕಂಬ ಇಳಿದಿರುವುದನ್ನು ಮಕ್ಕಳು ಗಮನಿಸಲೇಬೇಕು. ಇಡೀ ಚಾರ್ಟಿನಲ್ಲಿ ನಾವು ಅತಿ ಮುಖ್ಯವೆಂದು ಹೇಳುವುದು ಇದನ್ನೇ. ಬಹುಮತ ಸಿಕ್ಕಿರಲಿಲ್ಲ, ಮತ ಕುಸಿಯುತ್ತಿತ್ತು. ಆದರೂ 1933 ಜನವರಿ 30ರಂದು ಅಧ್ಯಕ್ಷ ಹಿಂಡನ್‌ಬರ್ಗ್ ಹಿಟ್ಲರನನ್ನು ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಮಾಡಿದ. ಹಿಟ್ಲರನನ್ನು ಹತೋಟಿಯಲ್ಲಿಡಬಹುದೆಂದು ಬಲಪಂಥೀಯ ನಾಯಕರು ನಂಬಿದ್ದರು. ಇಟಲಿಯಲ್ಲಿ 1922ರಲ್ಲಿ ಫ್ಯಾಸಿಸ್ಟ್ ನಾಯಕ ಮುಸೊಲಿನಿಯನ್ನು ಕರೆದು ಪ್ರಧಾನಿ ಮಾಡಿದ್ದೂ ರಾಜನೇ.

ಮುಂದೆ 1933ರಲ್ಲಿ ನಡೆದದ್ದು ವರ್ಷಕ್ಕೆ 20 ಸೆಂ.ಮೀ. ಅಳತೆಯಲ್ಲಿ ಹಿಡಿಯುವುದಿಲ್ಲ. ಏಳನೇ ಹಾಳೆಯನ್ನು ದಿನಕ್ಕೆ 1 ಸೆಂ.ಮೀ.ನಂತೆ ಇದಕ್ಕೇ ಮೀಸಲಿಡಿ: ಫೆಬ್ರವರಿ 27, ಸಂಸತ್ ಭವನಕ್ಕೆ ಬೆಂಕಿ, ಮರುದಿನವೇ ನಾಗರಿಕ ಹಕ್ಕುಗಳ ಅಮಾನತು, ಮಾರ್ಚ್ 5, ಚುನಾವಣೆ, ಶೇ. 43.9, ಮಾರ್ಚ್ 23, ಸಂಸತ್ತನ್ನು ಬದಿಗಿಟ್ಟು ಕಾನೂನು ಮಾಡುವ ಅಧಿಕಾರ ಹಿಟ್ಲರ್ ಸರ್ಕಾರಕ್ಕೆ, ಪರ 444, ವಿರುದ್ಧ 94. ಕಮ್ಯುನಿಸ್ಟ್ ಸದಸ್ಯರನ್ನು ಸಭೆಗೇ ಬಿಟ್ಟಿರಲಿಲ್ಲ ಎಂಬುದನ್ನು ಪಕ್ಕದಲ್ಲೇ ಬರೆಸಿ. ಇಲ್ಲದಿದ್ದರೆ 444 ಸಹಜ ಗೆಲುವಿನಂತೆ ಕಾಣುತ್ತದೆ.

ಗೆರೆಯ ಕೆಳಗೆ 1931 ಮಂಚೂರಿಯಾ (ಜಪಾನಿನ ದಾಳಿ), 1935 ಇಥಿಯೋಪಿಯಾ (ಇಟಲಿಯ ದಾಳಿ), ಆಮೇಲಿನವು ಜರ್ಮನಿಯ ಹೆಜ್ಜೆಗಳು: 1936 ರೈನ್‌ಲ್ಯಾಂಡ್ (ಒಪ್ಪಂದ ಮುರಿದು ಸೇನೆ ಕಳಿಸಿದ ಗಡಿ ಪ್ರದೇಶ), 1938 ಆಸ್ಟ್ರಿಯಾ ಮತ್ತು ಮ್ಯೂನಿಕ್ (ಜೆಕೊಸ್ಲೊವಾಕಿಯಾದ ಭಾಗವನ್ನು ಜರ್ಮನಿಗೆ ಬಿಟ್ಟುಕೊಟ್ಟ ಒಪ್ಪಂದ), 1939 ಪ್ರಾಗ್, ಪೋಲೆಂಡ್. ಪ್ರತಿಯೊಂದರ ಕೆಳಗೂ 'ಉಳಿದ ದೇಶಗಳು ಏನು ಮಾಡಿದವು?' ಎಂದು ಒಂದು ಸಾಲು ಬೇಕು. ಉದಾಹರಣೆಗೆ, ಇಥಿಯೋಪಿಯಾ ವಿಷಯದಲ್ಲಿ ಇಟಲಿಯ ಮೇಲೆ ನಿರ್ಬಂಧ ಹೇರಿದರೂ ತೈಲವನ್ನು ಅದರಿಂದ ಹೊರಗಿಟ್ಟವು.

ಎಂಟನೇ ಹಾಳೆ 1940ರಿಂದ ಮುಂದಕ್ಕೆ. ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಹಿಂದುಸ್ತಾನ್ ಏರ್‌ಕ್ರಾಫ್ಟ್ (ಇಂದಿನ ಎಚ್‌ಎಎಲ್) ಶುರುವಾದ ಡಿಸೆಂಬರ್ 1940 ಅನ್ನು ಅದರಲ್ಲಿ ಗುರುತಿಸಿ.